ಅಂಗೈ ಇದ್ದ ಹಕ್ಕಿ

ಕಲ್ಲು ಒಡೆಯುವವನಿಗೆ ಕಲ್ಲಿನ ಮೇಲೆ ಎಂಥದೋ ಪ್ರೀತಿ ಇರುತ್ತದೆ ಎಂದು ಬರೆಯುವವರಿದ್ದಾರೆ. ಅವರು ಒಂದು ದಿನವೂ ಕಲ್ಲು ಒಡೆದವರಲ್ಲ, ಬಿಡಿ. ಶಹಾಬಾದಿನ ಅಣವೀರಪ್ಪನಿಗೆ ಕಲ್ಲೆಂದರೆ ಮೈ ಉರಿಯುತ್ತಿತ್ತು. ಹನ್ನೆರಡನೆಯ ವರ್ಷಕ್ಕೆ ನೆಲಕ್ಕೆ ಹಾಸುವ ಫರಸಿಕಲ್ಲಿನ ಗಣಿಗೆ ಇಳಿದವನು ಮೂವತ್ತೊಂದಕ್ಕೆ ಮೇಲೆ ಬಂದ, ಅದೂ ಬಲಗಾಲಿನ ಎರಡು ಬೆರಳನ್ನು ಅಲ್ಲೇ ಬಿಟ್ಟು. ಆ ಕಲ್ಲು ನೆಲದೊಳಗೆ ಪದರು ಪದರಾಗಿ ಮಲಗಿರುತ್ತದೆ. ಉಳಿ ಇಟ್ಟು ಹದವಾಗಿ ಒಂದೇಟು ಕೊಟ್ಟರೆ ಹಾಳೆಯಂತೆ ಬಿಡಿಸಿಕೊಳ್ಳುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿಯೇ ಒಳಗೆ ಬಿರುಕು ಇದೆಯೋ ಇಲ್ಲವೋ ಹೇಳಬಲ್ಲ ಕೈ ಅವನದು. ಆ ಕೈಯನ್ನು ಮೆಚ್ಚಿದವರು ಯಾರೂ ಇರಲಿಲ್ಲ, ಅದು ಬೇರೆ ಮಾತು.

ಸಾವಿರದ ಒಂಬೈನೂರ ಅರವತ್ತೇಳರಲ್ಲಿ ಹೆಂಡತಿ ಇಂದ್ರಾಬಾಯಿಯನ್ನು ಕರೆದುಕೊಂಡು ಮುಂಬಯಿಗೆ ಬಂದ. ಕುರ್ಲಾದ ಚಾಳಿನಲ್ಲಿ ಹತ್ತಡಿ ಉದ್ದ, ಎಂಟಡಿ ಅಗಲದ ಖೋಲಿ ಸಿಕ್ಕಿತು. ಇನ್ನು ಸತ್ತರೂ ಕಲ್ಲು ಮುಟ್ಟುವುದಿಲ್ಲ ಎಂದು ಆಣೆ ಹಾಕಿಕೊಂಡಿದ್ದ. ಹಣೆಬರಹ ನೋಡಿ! ಅವನಿಗೆ ಸಿಕ್ಕಿದ ಕೆಲಸ ಮಾಟುಂಗದ ಹತ್ತಿರ ಒಂದು ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಜವಾನನದು. ಕೊಡಿಸಿದವನು ಅಲ್ಲಿಯ ಕ್ಯಾಂಟೀನಿನ ಚೆನ್ನಯ, ಉಡುಪಿ ಕಡೆಯವನು.

"ಅಲ್ಲಿ ಕಲ್ಲು ಎತ್ತಿ ಇಡ್ಲಿಕ್ಕೆ ಒಂದು ಜನ ಬೇಕಂತೆ ಮಾರಾಯ್ರೆ. ನೀವು ಹೇಗೂ ಕಲ್ಲಿನವರೇ ಅಲ್ವಾ?" ಎಂದಿದ್ದ ಚೆನ್ನಯ.

"ಊರು ಬಿಟ್ರೂ ಈ ಸುಡುಗಾಡು ಕಲ್ಲು ಬಿಡಲಿಲ್ಲ ನೋಡ್ರಿ ನನಗ" ಎಂದು ಅಣವೀರಪ್ಪ ನಕ್ಕಿದ್ದ. ಹೊಟ್ಟೆ ಕೇಳಬೇಕಲ್ಲ, ಆಣೆಯನ್ನು ಅಲ್ಲಿಗೇ ಬಿಟ್ಟ.

ವಿಭಾಗಕ್ಕೆ ಸೇರಿದ ಒಂದು ಉದ್ದನೆಯ ಕೋಣೆ ಇತ್ತು. ಗೋಡೆಗುಂಟ ಗಾಜಿನ ಕಪಾಟುಗಳು, ಅವುಗಳಲ್ಲಿ ಬಗೆಬಗೆಯ ಕಲ್ಲು. ದಿನಾ ಬೆಳಿಗ್ಗೆ ಧೂಳು ಒರೆಸುವುದು, ಪಾಠಕ್ಕೆ ಬೇಕಾದ ಕಲ್ಲನ್ನು ಹೊತ್ತೊಯ್ದು ಮತ್ತೆ ತಂದಿಡುವುದು ಅವನ ಕೆಲಸ. ಕೋಣೆಯ ನಡುವೆ ಒಂದು ಗಾಜಿನ ಪೆಟ್ಟಿಗೆ ಮಾತ್ರ ಪ್ರತ್ಯೇಕವಾಗಿತ್ತು. ಅದಕ್ಕೆ ಬೀಗ. ಬೀಗದ ಕೈ ವಿಭಾಗದ ಮುಖ್ಯಸ್ಥರಾದ ಘಡಿಯಾಲಿ ಸಾಹೇಬರ ಹತ್ತಿರ. ಅವರು ಪಾರ್ಸಿ, ಮದುವೆಯಾಗದ ಮುದುಕರು, ಬೈದರೂ ನಗುನಗುತ್ತಾ ಬೈಯುವವರು. ಆ ಪೆಟ್ಟಿಗೆಯನ್ನು ಹೊರಗಿನಿಂದ ಒರೆಸಬೇಕು, ಒಳಗೆ ಕೈ ಹಾಕಬಾರದು ಎಂದು ಮೊದಲ ದಿನವೇ ಹೇಳಿದ್ದರು.

ಒಳಗೆ ಹಳದಿ ಬಣ್ಣದ ಒಂದು ಹಲಗೆ. ಅದರ ಮೇಲೆ ಕಾಗೆಯಷ್ಟು ದೊಡ್ಡ ಒಂದು ಜೀವದ ಎಲುಬುಗಳು, ಒಂದೂ ಚದುರದೆ, ಮಲಗಿದ ಹಾಗೇ. ಕುತ್ತಿಗೆ ಹಿಂದಕ್ಕೆ ಬಾಗಿತ್ತು. ಉದ್ದ ಕೊಕ್ಕಿನ ತುಂಬ ಸಣ್ಣ ಸಣ್ಣ ಹಲ್ಲು. ಎರಡು ರೆಕ್ಕೆ ಅರ್ಧ ಬಿಚ್ಚಿಕೊಂಡಿದ್ದವು. ಅಣವೀರಪ್ಪ ಬಟ್ಟೆ ಹಿಡಿದುಕೊಂಡು ಅದರ ಮುಂದೆ ಎಷ್ಟು ಹೊತ್ತು ನಿಂತನೋ, ಹಿಂದೆ ಸಾಹೇಬರು ಬಂದು ನಿಂತದ್ದೂ ತಿಳಿಯಲಿಲ್ಲ.

"ಯೇ ಪಂಛೀ ನಹೀ ಹೈ, ವೀರಪ್ಪಾ" ಎಂದರು ಸಾಹೇಬರು. ಹಕ್ಕಿ ಅಲ್ಲವಂತೆ. ಹಲ್ಲಿ, ಮೊಸಳೆಗಳ ದೂರದ ನಂಟಿನ, ಹಾರುವ ಪ್ರಾಣಿ. ಹೆಸರು ಟೆರೊಡಾಕ್ಟೈಲ್. ಹದಿನೈದು ಕೋಟಿ ವರ್ಷದ ಹಿಂದೆ ಜರ್ಮನಿಯ ಕಡೆ ಒಂದು ಹಿನ್ನೀರಿನಲ್ಲಿ ಬಿದ್ದು ಸತ್ತಿತು. ತಳದ ಸುಣ್ಣದ ಕೆಸರು ಮೆಲ್ಲಗೆ ಮುಚ್ಚಿತು. ಕೆಸರು ಪದರು ಪದರಾಗಿ ಕಲ್ಲಾಯಿತು, ಅದರೊಳಗೆ ಇದು ಹೀಗೇ ಉಳಿಯಿತು. ಆ ಜಾತಿಯೇ ಈಗ ಭೂಮಿಯ ಮೇಲಿಲ್ಲ.

ಪದರುಗಲ್ಲು ಎಂದ ಕೂಡಲೇ ಅಣವೀರಪ್ಪನ ಕಿವಿ ನೆಟ್ಟಗಾಯಿತು. ಹಾಗಾದರೆ ನಮ್ಮ ಶಹಾಬಾದಿನ ಕಲ್ಲಿನಲ್ಲೂ ಇಂಥವು ಇದ್ದಾವೇನು, ಹತ್ತೊಂಬತ್ತು ವರ್ಷ ಒಡೆದೆನಲ್ಲ, ಒಂದೂ ಕಾಣಲಿಲ್ಲವಲ್ಲ ಎಂದು ಕೇಳಿದ. ಸಾಹೇಬರು ತಲೆ ಅಲ್ಲಾಡಿಸಿದರು. ನಿನ್ನ ಊರಿನ ಕಲ್ಲು ಇದಕ್ಕಿಂತ ಎಷ್ಟೋ ಹಳೆಯದು, ಅದು ಕೆಸರಾಗಿದ್ದಾಗ ಎಲುಬಿರುವ ಜೀವ ಇನ್ನೂ ಹುಟ್ಟಿರಲೇ ಇಲ್ಲ ಎಂದರು. ಆಮೇಲೆ ತಮ್ಮ ಎಡಗೈಯನ್ನು ಗಾಜಿನ ಮೇಲೆ ಇಟ್ಟು ಉಂಗುರದ ಬೆರಳನ್ನು ಎಳೆದು ತೋರಿಸಿದರು. ರೆಕ್ಕೆ ಅಂತ ಕಾಣುವುದು ರೆಕ್ಕೆಯಲ್ಲ, ಕೈ. ನಾಲ್ಕನೆಯ ಬೆರಳೊಂದೇ ಮೈಯುದ್ದ ಬೆಳೆದು ಅದಕ್ಕೆ ಚರ್ಮ ಕಟ್ಟಿಕೊಂಡಿದೆ. ಉಳಿದ ಮೂರು ಬೆರಳು ಸಣ್ಣವಾಗಿ ಅಂಗೈಯ ತುದಿಯಲ್ಲೇ ಉಳಿದಿವೆ, ನೋಡು.

ಅಣವೀರಪ್ಪ ನೋಡಿದ. ಹೌದು, ಪುಟ್ಟ ಅಂಗೈ. ಮೂರು ಬೆರಳು ಏನನ್ನೋ ಹಿಡಿಯಲು ಹೊರಟ ಹಾಗೆ ಬಾಗಿದ್ದವು.

ಸಾಹೇಬರು ಎಷ್ಟು ಹೇಳಿದರೂ ಅವನ ಬಾಯಲ್ಲಿ ಅದು ಹಕ್ಕಿಯೇ ಆಗಿ ಉಳಿಯಿತು. "ನಿಮ್ಮ ಹಕ್ಕಿಗೂ ಒಂದು ಚಾ ಕೊಡ್ಲಾ?" ಎಂದು ಚೆನ್ನಯ ಚೇಷ್ಟೆ ಮಾಡುವನು. ಅಣವೀರಪ್ಪ ಸಂಜೆ ಖೋಲಿಗೆ ಬಂದು ಹೆಂಡತಿಯ ಮುಂದೆ ಅದರ ಕತೆ ಬಿಚ್ಚುವನು. ಬೇರೆ ಮಾತಾಡಲು ಮನೆಯಲ್ಲಿ ಇದ್ದದ್ದಾದರೂ ಏನು? ಹುಟ್ಟಿದ್ದೊಂದು ಹೆಣ್ಣುಕೂಸು ವರ್ಷ ತುಂಬುವ ಮೊದಲೇ ಶಹಾಬಾದಿನಲ್ಲಿ ತೀರಿಕೊಂಡಿತ್ತು. ಆಮೇಲೆ ಮಡಿಲು ತುಂಬಲೇ ಇಲ್ಲ.

"ಅದಕ್ಕ ಮಣ್ಣು ಯಾರು ಕೊಟ್ರು?" ಎಂದು ಇಂದ್ರಾಬಾಯಿ ಕೇಳಿದಳು.

"ಯಾರ ಕೊಡ್ತಾರ? ತಾನ ಬಿತ್ತು, ಕೆಸರ ಬಂದು ಮುಚ್ಚಿತು. ಮಣ್ಣು ತನಗ ಒಪ್ಪಿಸಿದ್ದು ಕಾಯ್ತದ ನೋಡು."

"ಪುಣ್ಯೇದ ಹಕ್ಕಿ ಬಿಡ್ರಿ" ಎಂದಳು ಅವಳು.

ಅವಳು ಹಾಗೆ ಅಂದದ್ದಕ್ಕೆ ಕಾರಣವಿದೆ. ಅವರು ಲಿಂಗಾಯತರು. ಸತ್ತವರನ್ನು ಸುಡುವ ಪದ್ಧತಿ ಅವರಲ್ಲಿಲ್ಲ, ಮಣ್ಣು ಕೊಡುತ್ತಾರೆ. ಕುಣಿಯೊಳಗೆ ಪದ್ಮಾಸನದಲ್ಲಿ ಕೂರಿಸಿ, ಬದುಕಿದ್ದಷ್ಟು ದಿನ ಕೊರಳಲ್ಲಿ ಧರಿಸಿದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಭಸ್ಮ, ಬಿಲ್ವಪತ್ರೆ ಹಾಕಿ ಮುಚ್ಚುತ್ತಾರೆ. ಊರಿನಲ್ಲಾದರೆ ಹೊಲವಿದೆ, ಊರೊಟ್ಟಿನ ಗಾಂವಠಾಣವಿದೆ. ಬದುಕಿದವರಿಗೇ ಕಾಲು ಚಾಚಲು ಜಾಗವಿಲ್ಲದ ಮುಂಬಯಿಯಲ್ಲಿ ಸತ್ತವರಿಗೆ ಮಣ್ಣು ಎಲ್ಲಿಂದ ತರುವುದು? ಕುರ್ಲಾದ ಸ್ಮಶಾನದಲ್ಲಿ ಕಟ್ಟಿಗೆಯುಂಟು, ಬೆಂಕಿಯುಂಟು, ಅಷ್ಟೇ.

ಎಪ್ಪತ್ತಮೂರರ ಮಳೆಗಾಲದಲ್ಲಿ ಇಂದ್ರಾಬಾಯಿಗೆ ಕೆಮ್ಮು ಹತ್ತಿತು. ಅವಳೂ ಗಣಿಯಲ್ಲಿ ಕಲ್ಲುಪುಡಿ ಹೊತ್ತವಳೇ. ಅಲ್ಲಿಯ ಧೂಳು ಎದೆಯೊಳಗೆ ಕೂತು ಇಲ್ಲಿ ಬಂದು ಕ್ಷಯವಾಯಿತು ಎಂದರು. ಚಳಿಗಾಲ ಕಳೆಯುವುದರೊಳಗೆ ಮೈ ಮೇಲಿನ ಮಾಂಸವೆಲ್ಲ ಹೋಗಿ ಸೀರೆ ನಿಲ್ಲದ ಹಾಗಾಯಿತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಹಾಗೆ ಎಂದರೆ ಏನರ್ಥ ಎಂದು ಎಂಥ ಓದುಬರಹ ಇಲ್ಲದವನಿಗೂ ತಿಳಿಯುತ್ತದೆ.

ಆಗಲೇ ಒಂದು ಸಂಜೆ ಅವಳು ಗಂಡನ ಕೈ ಹಿಡಿದುಕೊಂಡು ಕೇಳಿದಳು: "ನನಗ ಬೆಂಕಿಗೆ ಮಾತ್ರ ಹಾಕಬ್ಯಾಡ್ರಿ. ನಮ್ಮವ್ವ ಮಣ್ಣಾಗ ಅದಾಳ, ಕೂಸು ಮಣ್ಣಾಗ ಅದ. ನಾ ಹೊಗಿ ಆಗಿ ಮ್ಯಾಲ ಹೋದ್ರ ಅವರಿಗಿ ಹ್ಯಾಂಗ ಸಿಗ್ಲಿ? ಆ ಹಕ್ಕಿಗಿ ಸಿಕ್ಕಂಗ ನನಗೂ ಒಂದೀಟು ಮಣ್ಣು ಸಿಗಲಿ."

"ಕೊಡಸ್ತೀನಿ" ಎಂದ ಅಣವೀರಪ್ಪ. "ಲಿಂಗದ ಆಣಿ."

ದಾರಿ ತೋರಿಸಿದವರು ಚನ್ನಬಸಯ್ಯನವರು. ಅವರು ಜಂಗಮರು, ದಹಿಸರದಲ್ಲಿದ್ದು ತಿಂಗಳಿಗೊಮ್ಮೆ ಕುರ್ಲಾದ ಭಕ್ತರ ಮನೆಗಳಿಗೆ ಭಿಕ್ಷೆಗೆ ಬರುವವರು. ದಹಿಸರದ ಆಚೆ, ಸಮುದ್ರದ ನೀರು ಒಳನುಗ್ಗುವ ಖಾಡಿಯ ದಡದಲ್ಲಿ, ಕಲ್ಲುಗಣಿಯಲ್ಲಿ ದುಡಿಯಲು ಬಂದ ನಮ್ಮ ಕಡೆಯ ಜನ ಒಂದು ತುಂಡು ಬಂಜರು ನೆಲದಲ್ಲಿ ತಮ್ಮವರಿಗೆ ಮಣ್ಣು ಕೊಡುತ್ತಿದ್ದರು. ಕಾಗದಪತ್ರ ಏನೂ ಇರಲಿಲ್ಲ. ಕೇಳುವವರು ಇನ್ನೂ ಬಂದಿರಲಿಲ್ಲ, ಅಷ್ಟೇ. ಅಲ್ಲಿಗೆ ತಂದರೆ ನಾನು ಕ್ರಿಯೆ ಮಾಡಿಸುತ್ತೇನೆ ಎಂದು ಅಯ್ಯನವರು ಮಾತು ಕೊಟ್ಟರು.

ಎಪ್ಪತ್ತನಾಲ್ಕರ ಮೇ ತಿಂಗಳಲ್ಲಿ ರೈಲ್ವೆ ಮುಷ್ಕರ ಬಂತು. ಲೋಕಲ್‌ಗಳು ಹೆಸರಿಗೆ ಒಂದೆರಡು ಓಡುತ್ತಿದ್ದವು, ಅವುಗಳ ಬಾಗಿಲಲ್ಲೂ ಜನ ಬಾವಲಿಗಳ ಹಾಗೆ ಜೋತುಬಿದ್ದಿರುತ್ತಿದ್ದರು. ಡಾಕ್ಟರು ಇನ್ನು ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳು ಎಂದಿದ್ದರು. ಇಂದ್ರಾಬಾಯಿಗೆ ಒಂದೇ ಚಿಂತೆ ಹತ್ತಿತು.

"ನೀವು ಈಗ ಹೋಗಿ ಕುಣಿ ತಗಸಿ ಬರ್ರಿ. ನನ್ನ ಹೊತ್ತು ಬಂದ ಮ್ಯಾಲ ನೀವು ದಹಿಸರಕ್ಕ ಓಡಿದ್ರ, ಬರೂತನಕ ಈ ಮಂದಿ ನನ್ನ ಬಿಡ್ತಾರಾ? ಸುಟ್ಟುಬಿಡ್ತಾರ."

"ಹುಚ್ಚಿ! ಉಸಿರು ಇರಬೇಕಾದ್ರ ಯಾರರ ಕುಣಿ ತಗೀತಾರಾ? ಒಳ್ಳೇದಲ್ಲ."

"ಒಳ್ಳೇದು ಕೆಟ್ಟದ್ದು ನೋಡ್ಲಾಕ ನಾ ಏನು ಬಾಣಂತಿ ಇದೀನಾ? ಹೋಗಿ ಬರ್ರಿ. ನೀವು ಬರೂತನಕ ನಾ ಎಲ್ಲೂ ಹೋಗಂಗಿಲ್ಲ."

ಬದುಕಿದವರ ಹೆಸರಿನಲ್ಲಿ ಕುಣಿ ತೆಗೆಯುವುದು ಅವರ ಸೀಮೆಯಲ್ಲಿ ಯಾರೂ ಮಾಡದ ಕೆಲಸ. ತಿಳಿದೂ ತಿಳಿದೂ ಅಣವೀರಪ್ಪ ಹೊರಟ. ಪಕ್ಕದ ಖೋಲಿಯ ಸಖಾರಾಮ್‌ಗೆ, ಮಿಲ್ಲಿನಲ್ಲಿ ದುಡಿಯುತ್ತಿದ್ದ ಒಳ್ಳೆಯ ಮರಾಠಿ ಮನುಷ್ಯನಿಗೆ, ಊರ ಕಡೆಯವರನ್ನು ನೋಡಿ ಬರುತ್ತೇನೆ, ಎರಡು ದಿನ ಇವಳಿಗೆ ಗಂಜಿ ಕೊಡಿ ಎಂದಷ್ಟೇ ಹೇಳಿದ. ಉಸಿರಾಡುವ ಹೆಂಡತಿಗೆ ಗುಂಡಿ ತೋಡಲು ಹೊರಟಿದ್ದೇನೆಂದು ಯಾವ ಬಾಯಿಂದ ಹೇಳಬೇಕು, ಹೇಳಿ?

ಗುರುವಾರ ನಸುಕಿನಲ್ಲಿ ನಡೆಯತೊಡಗಿದ. ಸಾಯನ್, ಬಾಂದ್ರಾ, ಅಂಧೇರಿ, ಬೋರಿವಲಿ. ಎರಡೂ ಕಾಲಿಗೆ ಸೇರಿ ಎಂಟೇ ಬೆರಳು. ಮೇ ತಿಂಗಳ ಡಾಂಬರು. ದಹಿಸರ ಮುಟ್ಟಿದಾಗ ಹೊತ್ತು ಇಳಿದಿತ್ತು, ಬಲಗಾಲಿನ ಚಪ್ಪಲಿಯಲ್ಲಿ ರಕ್ತವಿತ್ತು. ಚನ್ನಬಸಯ್ಯನವರು ಸಂಗತಿ ಕೇಳಿ ಕೆಂಡವಾದರು.

"ಜೀವ ಇರೋ ಹೆಣಮಗಳಿಗಿ ಕುಣಿ ಕೇಳ್ಲಾಕ ಬಂದೀಯಲ್ಲೋ! ಬುದ್ಧಿ ಎಲ್ಲಿಟ್ಟಿ? ತಗದ ಕುಣಿ ಖಾಲಿ ಮುಚ್ಚಾಕ ಬರೂದಿಲ್ಲ, ತಿಳೀತಾ? ಹನ್ನೊಂದು ದಿನದಾಗ ಅಂಗ ಇಳೀಬೇಕು. ಇಲ್ಲಂದ್ರ ಅದು ತಾನ ಒಬ್ಬರನ್ನ ಕೇಳ್ತದ."

"ಅಯ್ಯನೋರ, ಆಕಿ ಕೇಳ್ಯಾಳ್ರಿ. ಆಕಿ ಕೇಳಿದ್ದು ಇದೊಂದೇ."

ಅಯ್ಯನವರು ಹಾರೆ ಕೊಡಿಸಿದರು. ಮೇಲೆ ಒಂದಡಿ ಮಣ್ಣು, ಕೆಳಗೆ ಬರೀ ಜಲ್ಲಿ ಬೆರೆತ ಗಟ್ಟಿ ಮುರಮು. ಗಣಿಯ ಇಬ್ಬರು ಕೈಗೂಡಿಸಿದರೂ ಮರುದಿನ ಇಡೀ ಹಿಡಿಯಿತು. ಕುಣಿಯ ಗೋಡೆಯಲ್ಲಿ ಕೂರಿಸಲು ಬೇಕಾದ ಗೂಡನ್ನು ಅಣವೀರಪ್ಪ ತಾನೇ ಕಡಿದ. ಅಳತೆಗೆಂದು ತಾನೇ ಒಳಗೆ ಕೂತು ನೋಡಿದ, ಅವಳು ತನ್ನ ಭುಜಕ್ಕೆ ಬರುತ್ತಾಳೆಂದು ಲೆಕ್ಕ ಹಾಕಿ ನಾಲ್ಕು ಬೆರಳು ತಗ್ಗು ಮಾಡಿದ. ಶನಿವಾರ ನಸುಕಿಗೆ ಅಯ್ಯನವರೂ ಅವನ ಜೊತೆ ಕುರ್ಲಾಕ್ಕೆ ನಡೆದು ಹೊರಟರು, ಹೋಗುವ ಜೀವಕ್ಕೆ ಕೈಯಾರೆ ಭಸ್ಮ ಹಚ್ಚಿ ಬರೋಣವೆಂದು.

ಚಾಳಿನ ಮೆಟ್ಟಿಲ ಹತ್ತಿರ ಸಖಾರಾಮ್ ಎದುರಾದ. ತಲೆಗೂದಲು ಒದ್ದೆ, ಉಟ್ಟ ಧೋತರ ಒದ್ದೆ, ಕೈಯಲ್ಲಿ ಖಾಲಿ ಮಡಕೆಯ ಕಂಠಕ್ಕೆ ಕಟ್ಟಿದ್ದ ಬಟ್ಟೆ. ಅಣವೀರಪ್ಪನನ್ನು ಕಂಡವನೇ ಅಪ್ಪಿಕೊಂಡು ಗೊಳೋ ಎಂದು ಅತ್ತ.

ಅವಳು ಹೋದದ್ದು ಗುರುವಾರ ಸಂಜೆ. ಇವನು ದಹಿಸರದಲ್ಲಿ ಹಾರೆ ಕೇಳುತ್ತಿದ್ದ ಹೊತ್ತಿಗೇ. ಸಖಾರಾಮನ ಹೆಂಡತಿಯ ಕೈ ಹಿಡಿದು ಏನೇನೋ ಹೇಳಿದಳಂತೆ. ಆ ಹೆಣ್ಣುಮಗಳಿಗೆ ಕನ್ನಡ ಬರುತ್ತಿರಲಿಲ್ಲ. ಆ ಸೆಖೆಯಲ್ಲಿ ಹೆಣ ಎಷ್ಟು ಹೊತ್ತು ಇಡಲಾದೀತು? ಗಂಡ ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ, ರೈಲಿಲ್ಲ. ಚಾಳಿನವರೆಲ್ಲ ಸೇರಿ ಕಟ್ಟಿಗೆ ತಂದು, ಹೂ ತಂದು, ಸಖಾರಾಮನೇ ಮಗನ ಹಾಗೆ ನಿಂತು ಬೆಂಕಿ ಕೊಟ್ಟ. ಇವತ್ತು ಮೂರನೆಯ ದಿನ, ಅಸ್ಥಿಯನ್ನು ಮಾಹಿಮಿನ ಸಮುದ್ರದಲ್ಲಿ ಬಿಟ್ಟು ಬಂದಿದ್ದ.

"ಕಾಹೀ ಕಮೀ ನಾಹೀ ಕೇಲೀ, ಭಾವೂ" ಎಂದು ಮತ್ತೆ ಮತ್ತೆ ಹೇಳಿದ. ಏನೂ ಕಡಿಮೆ ಮಾಡಲಿಲ್ಲ, ತಮ್ಮಾ. ನಿಜವೇ, ಕಡಿಮೆ ಮಾಡಿರಲಿಲ್ಲ. ಯಾರ ಮೇಲೆ ಸಿಟ್ಟು ಮಾಡುವುದು? ತಪ್ಪು ಮಾಡಿದವನಾದರೆ ಕಪಾಳಕ್ಕೆ ಕೊಡಬಹುದು. ಉಪಕಾರ ಮಾಡಿದವನಿಗೆ ಏನು ಕೊಡಲಿಕ್ಕಾಗುತ್ತದೆ?

ಸಖಾರಾಮನ ಹೆಂಡತಿ ಕಾಗದದ ಒಂದು ಪೊಟ್ಟಣ ತಂದು ಅಣವೀರಪ್ಪನ ಕೈಗೆ ಇಟ್ಟಳು. ಬೆಂಕಿಗೆ ಹೋಗುವುದು ಬೇಡವೆಂದು ಕೊರಳಿಂದ ಬಿಚ್ಚಿ ಜೋಪಾನ ಮಾಡಿದ್ದಳಂತೆ. ಅದು ಇಂದ್ರಾಬಾಯಿಯ ಲಿಂಗ.

ಅಲ್ಲಿಯತನಕ ತಡೆದುಕೊಂಡಿದ್ದವನು ಆಗ ಕುಸಿದ. ಹುಟ್ಟಿದ ಮಗುವಿಗೆ ಕಟ್ಟಿದ ಲಿಂಗ ಮಣ್ಣಿನವರೆಗೂ ಮೈ ಬಿಡಬಾರದು. ಅದನ್ನು ಬಿಚ್ಚಿ, ಅವಳನ್ನು ಬರಿಮೈಯಲ್ಲಿ ಬೆಂಕಿಗೆ ಕಳಿಸಿದ್ದರು. ಚಾಳಿನ ನೆಲಕ್ಕೆ ಹಣೆ ಚಚ್ಚಿಕೊಂಡು, "ನಾನೇ ಕೊಂದೆ, ಕುಣಿ ತಗದು ನಾನೇ ಕೊಂದೆ" ಎಂದು ಚೀರಿದ. ಅವನನ್ನು ಹಿಡಿಯಲು ನಾಲ್ಕು ಜನ ಬೇಕಾಯಿತು.

ಅಯ್ಯನವರು ಹೊರಡುವಾಗ ಅವನು ಕೇಳಿದ: "ಈ ಲಿಂಗ ಒಂದೇ ಕುಣಿಯಾಗಿಟ್ಟು ಮುಚ್ಚಾಕ ಬರ್ತದೇನ್ರಿ?"

"ಅಂಗ ಇಲ್ದ ಲಿಂಗ ಇಡ್ಲಾಕ ಬರೂದಿಲ್ಲಪ್ಪಾ. ಅದಕ್ಕ ಒಂದು ಅಂಗೈ ಬೇಕು" ಎಂದರು ಅಯ್ಯನವರು. ಅವರ ಕಣ್ಣಲ್ಲೂ ನೀರಿತ್ತು. ಶಾಸ್ತ್ರ ಮಾತ್ರ ಬಗ್ಗಲಿಲ್ಲ. ಶಾಸ್ತ್ರ ಹೇಳುವವರ ಕಷ್ಟ ಅವರಿಗೆ.

ಆರು ದಿನ ಅಣವೀರಪ್ಪ ಖೋಲಿಯಿಂದ ಹೊರಗೆ ಬರಲಿಲ್ಲ. ಆಚೆ ದಹಿಸರದಲ್ಲಿ ಅವಳ ಅಳತೆಗೆ ಕಡಿದ ಗೂಡು ಬಾಯಿ ತೆರೆದುಕೊಂಡು ಕೂತಿತ್ತು. ಈಚೆ ಕೈಯಲ್ಲಿ ಅವಳ ಲಿಂಗ, ಇಡಲು ಅಂಗೈ ಇಲ್ಲ. ಅಂಗೈ, ಅಂಗೈ ಎಂದು ಜಪಿಸುತ್ತಾ ಕೂತವನಿಗೆ ಏಳನೆಯ ದಿನ ಒಂದು ಅಂಗೈ ನೆನಪಾಯಿತು.

ಬೇಸಿಗೆ ರಜೆ. ಕಾಲೇಜಿನಲ್ಲಿ ನರಪಿಳ್ಳೆ ಇರಲಿಲ್ಲ. ಉದ್ದ ಕೋಣೆಯ ಕೀಲಿ ಅವನ ಹತ್ತಿರವೇ ಇತ್ತು. ಗಾಜಿನ ಪೆಟ್ಟಿಗೆಯ ಬೀಗವನ್ನು ಮುಟ್ಟದೆ ಹಿಂದಿನ ಕೀಲುಗಳ ಸ್ಕ್ರೂ ಬಿಚ್ಚಿದ. ಏಳು ವರ್ಷ ಹೊರಗಿನಿಂದ ಒರೆಸಿದ್ದ ಹಲಗೆಗೆ ಮೊದಲ ಸಲ ಕೈ ಹಾಕಿದ. ಕಲ್ಲಿನ ಭಾರಕ್ಕೆಂದು ಸೊಂಟ ಬಿಗಿ ಮಾಡಿ ಎತ್ತಿದರೆ ಹಲಗೆ ಹಗುರಾಗಿ ಎದ್ದು ಬಂತು, ಅವನೇ ಹಿಂದಕ್ಕೆ ಜೋಲಿ ಹೊಡೆದ.

ಅಣವೀರಪ್ಪ ಹಲಗೆಯನ್ನು ನೆಲದ ಮೇಲಿಟ್ಟು ಗೆಣ್ಣಿನಿಂದ ತಟ್ಟಿದ. ಕಲ್ಲಿಗೆ ಒಂದು ಸದ್ದಿದೆ. ಇದು ಡಬ್ ಡಬ್ ಎಂದಿತು. ಹಿಂದೆ ತಿರುಗಿಸಿ ನೋಡಿದರೆ ಬಿಳಿ ಗಾರೆ, ಒಳಗೆ ಗೋಣಿಯ ನಾರು. ಎಲುಬೂ ಇಲ್ಲ, ಕಲ್ಲೂ ಇಲ್ಲ. ಅಚ್ಚು ಹೊಡೆದು ಬಣ್ಣ ಬಳಿದದ್ದು.

ಹತ್ತೊಂಬತ್ತು ವರ್ಷ ಕಲ್ಲಿನೊಳಗೆ ಬಾಳಿದವನಿಗೆ ಏಳು ವರ್ಷ ಗಾರೆಯನ್ನು ಕಲ್ಲೆಂದು ತೋರಿಸಿದ್ದರು. ಅವನಿಗೆ ಮೊದಲು ಬಂದದ್ದು ಸಿಟ್ಟು. ಎತ್ತಿ ಒಗೆದು ಪುಡಿ ಮಾಡಬೇಕೆನಿಸಿತು. ಆಮೇಲೆ ಅದಕ್ಕಿಂತ ಕೆಟ್ಟದ್ದು ಹೊಳೆಯಿತು. ಮಣ್ಣು ತನಗೆ ಒಪ್ಪಿಸಿದ್ದನ್ನು ಕಾಯುತ್ತದೆ ಎಂದು ಇದನ್ನು ನಂಬಿ ತಾನೇ ಹೆಂಡತಿಗೆ ಹೇಳಿದ್ದ. ಅವಳು ಕೊನೆಯ ಉಸಿರಿನವರೆಗೂ ಅದನ್ನು ನೆಚ್ಚಿಕೊಂಡಿದ್ದಳು. ಆ ಮಾತೂ ಗಾರೆಯದೇ ಆಯಿತಲ್ಲ! ಅವನು ಕೋಣೆಯ ನಡುವೆ ಕೂತು ಅತ್ತ.

ಅತ್ತು ಮುಗಿದ ಮೇಲೆ ಹಕ್ಕಿಯ ಎಡ ಅಂಗೈಯನ್ನು ನೋಡಿದ. ಮೂರು ಬೆರಳು ಬಾಗಿಸಿಕೊಂಡು ಅದು ಹಾಗೇ ಕಾದಿತ್ತು. ಗಾರೆಯಾದರೇನು, ಅವನಿಗೆ ಬೇರೆ ಅಂಗೈ ಯಾರು ಕೊಡುವವರಿದ್ದರು? ಹೆಂಡತಿಯ ಇಳಕಲ್ ಸೀರೆಯಲ್ಲಿ ಹಲಗೆಯನ್ನು ಸುತ್ತಿ ತಲೆಯ ಮೇಲಿಟ್ಟುಕೊಂಡು ಮತ್ತೆ ದಹಿಸರದ ದಾರಿ ಹಿಡಿದ. ಗಾರೆ ಎಷ್ಟು ಹಗುರವೆಂದರೂ ಬೋರಿವಲಿ ದಾಟುವಾಗ ಕುತ್ತಿಗೆ ಮುರಿಯುವ ಹಾಗಾಗಿತ್ತು.

ಚನ್ನಬಸಯ್ಯನವರು ಸೀರೆಯ ಸೆರಗನ್ನು ಒಂದಿಷ್ಟು ಸರಿಸಿ ನೋಡಿದರು.

"ಎಲುಬು ಅದಾವ್ರಿ. ಅಂಗೈಯೂ ಅದ" ಎಂದ ಅಣವೀರಪ್ಪ, ಎತ್ತಲೋ ನೋಡುತ್ತಾ.

ಅಯ್ಯನವರ ಕಣ್ಣು ಹಲ್ಲಿನ ಕೊಕ್ಕಿನ ಮೇಲೆ ನಿಂತಿತು, ಆಮೇಲೆ ಅವನ ಮುಖದ ಮೇಲೆ. ಸೆರಗು ಮುಚ್ಚಿ, "ಇಳಸು" ಎಂದರು. ಶಾಸ್ತ್ರ ಅವತ್ತು ಎಲ್ಲಿ ಹೋಗಿತ್ತೋ, ಅವರನ್ನೇ ಕೇಳಬೇಕು. ಸೀರೆಯನ್ನು ಹಿಂಬದಿಗೆ ಸರಿಸಿ ಹಲಗೆಯನ್ನು ಗೂಡಿನಲ್ಲಿ ಕೂರಿಸಿದರು. ಅಣವೀರಪ್ಪ ಇಂದ್ರಾಬಾಯಿಯ ಲಿಂಗವನ್ನು ಅದರ ಎಡ ಅಂಗೈಯ ಮೇಲೆ ಒತ್ತಿ ಹಿಡಿದ. ಬರೀ ಮುರಮು ತುಂಬಿದರೆ ಸಂದು ಉಳಿಯುತ್ತದೆಂದು ಅಯ್ಯನವರು ಖಾಡಿಯ ಜಿಗುಟು ಮಣ್ಣು ತರಿಸಿ ನಾದಿಸಿ ಹಲಗೆಯ ಮುಂದುಗಡೆಗೆ ಮೆತ್ತಿಸಿದರು. ಗಣಿಯ ಜನ ಒಬ್ಬೊಬ್ಬರು ಹಿಡಿ ಹಿಡಿ ಮಣ್ಣು ಹಾಕಿದರು. ಹತ್ತನೆಯ ದಿನಕ್ಕೆ ಕುಣಿ ಮುಚ್ಚಿತು.

ಜೂನಿನಲ್ಲಿ ಕಾಲೇಜು ತೆರೆಯಿತು. ಘಡಿಯಾಲಿ ಸಾಹೇಬರು ಖಾಲಿ ಪೆಟ್ಟಿಗೆಯ ಮುಂದೆ ನಿಂತಿದ್ದಾಗ ಅಣವೀರಪ್ಪ ಹೋಗಿ ಕೈಮುಗಿದು ಇದ್ದದ್ದೆಲ್ಲ ಹೇಳಿದ. ಕೊನೆಗೆ, "ಆಪ್ ಝೂಟ್ ಬೋಲಾ, ಸಾಬ್" ಎಂದೂ ಅಂದ. ಕಳ್ಳನೇ ಸಾಹುಕಾರನನ್ನು ಸುಳ್ಳುಗಾರನೆಂದ ಹಾಗಾಯಿತು. ಸಾಹೇಬರು ಬೈಯಲಿಲ್ಲ. ಅಸಲಿ ಕಲ್ಲು ಜರ್ಮನಿಯಲ್ಲಿದೆ, ಅದರ ಮೇಲೆ ಹೊಡೆದ ಅಚ್ಚು ಇದು, ನಕಲು ಎಂದು ಪೆಟ್ಟಿಗೆಗೆ ಅಂಟಿಸಿದ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದೇ ಇತ್ತು ಎಂದರು. ಚೀಟಿ ಓದಲು ಬರದವನಿಗೂ ಹೇಳಬೇಕೆಂದು ತನಗೆ ಹೊಳೆಯಲಿಲ್ಲ ಎಂದರು. ನೀನು ಅವಳಿಗೆ ಹೇಳಿದ್ದು ಸುಳ್ಳಲ್ಲ, ಆ ಜೀವ ಜರ್ಮನಿಯ ಕಲ್ಲಿನಲ್ಲಿ ಈಗಲೂ ಇದೆ ಎಂದರು.

ಹಾಗಾದರೆ ನಾನು ಮಣ್ಣಿನಲ್ಲಿಟ್ಟದ್ದು ಏನಾಗುತ್ತದೆ ಎಂದು ಅಣವೀರಪ್ಪ ಕೇಳಿದ.

ಸಾಹೇಬರು, ಗಾರೆ ಖಾಡಿಯ ನೀರಿನಲ್ಲಿ ನಾಲ್ಕು ಮಳೆಗಾಲಕ್ಕೆ ಮೊಸರಾಗುತ್ತದೆ ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ, ನಮ್ಮಲ್ಲಿ ಮಣ್ಣಿಗೂ ಇಲ್ಲ, ಬೆಂಕಿಗೂ ಇಲ್ಲ, ಹದ್ದುಗಳಿಗೆ ಒಪ್ಪಿಸುತ್ತೇವೆ, ನನ್ನ ತಾಯಿಯನ್ನೂ ಒಪ್ಪಿಸಿದೆ ಎಂದರು. ಅದನ್ನು ಯಾಕೆ ಹೇಳಿದರೆಂದು ಅಣವೀರಪ್ಪನಿಗೆ ಅರ್ಥವಾಯಿತು, ಅವರ ಕೈಯಲ್ಲೂ ಏನೂ ಉಳಿದಿರಲಿಲ್ಲ.

ಒರೆಸುವಾಗ ಬಿದ್ದು ಒಡೆಯಿತೆಂದು ಸಾಹೇಬರು ಬರೆದುಕೊಟ್ಟದ್ದರಿಂದ ಜೈಲು ತಪ್ಪಿತು. ಕೆಲಸ ಉಳಿಯಿತೇ ಎಂದು ಕೇಳಬೇಡಿ. ಮೇಲಿನವರು ವಾರದೊಳಗೆ ಮನೆಗೆ ಕಳಿಸಿದರು. ಚೆನ್ನಯ ಮಾಟುಂಗದ ಒಂದು ಹೋಟೆಲಿನಲ್ಲಿ ಹಿಟ್ಟು ರುಬ್ಬಲು ಹಚ್ಚಿದ. ಮತ್ತೆ ಕಲ್ಲಿನ ಮುಂದೆಯೇ ಕೂತ. ಪ್ರತಿ ವರ್ಷ ಮೇ ತಿಂಗಳಲ್ಲಿ ಲೋಕಲ್ ಹಿಡಿದು ದಹಿಸರಕ್ಕೆ ಹೋಗಿ, ಕುಣಿಯ ಮೇಲೆ ಹಾಲು ತುಪ್ಪ ಬಿಟ್ಟು ಬರುವನು. ಇಂದ್ರಾಬಾಯಿಯ ಹೆಸರು ಹೇಳಿ ಬಿಡುವನು.

ಎಪ್ಪತ್ತೆಂಟರಲ್ಲಿ ಕೇಳುವವರು ಬಂದೇ ಬಂದರು. ಆ ನೆಲ ಯಾವನೋ ಬಿಲ್ಡರನ ಪಾಲಾಗಿತ್ತು. ವಾರದೊಳಗೆ ನಿಮ್ಮ ನಿಮ್ಮವರನ್ನು ತೆಗೆದುಕೊಂಡು ಹೋಗಿ ಎಂದು ಹೇಳಿಕಳಿಸಿದ. ಉಳಿದ ಕುಣಿಗಳಲ್ಲಿ ಯಾರಾದರೂ ಇದ್ದಾರೆಂದು ಗೊತ್ತಾದರೆ ಕೂಲಿಯವರು ಅಗೆದು ಖಾಡಿಗೆ ಒಗೆಯುವವರು, ಖಾಲಿಯಿದ್ದರೆ ಹಾಗೇ ಮೇಲೆ ಕಾಂಕ್ರೀಟು. ಅಣವೀರಪ್ಪ ಹೋದಾಗ ಜನ ಅಳುತ್ತಾ ಅಗೆಯುತ್ತಿದ್ದರು. ಅಪ್ಪನನ್ನು, ಅತ್ತೆಯನ್ನು, ಗೋಣಿಚೀಲದಲ್ಲಿ ತುಂಬಿಕೊಳ್ಳುತ್ತಿದ್ದರು. ಅವನೂ ಒಂದು ಚೀಲ ತಂದಿದ್ದ, ಲಿಂಗವನ್ನಾದರೂ ಒಯ್ಯಬೇಕೆಂದು.

ಗೂಡಿನ ತನಕ ಅಗೆದ. ಸಾಹೇಬರು ಹೇಳಿದಂತೆಯೇ ಆಗಿತ್ತು. ಸೀರೆ ಇರಲಿಲ್ಲ, ಹಲಗೆ ಇರಲಿಲ್ಲ, ಬೆರಳಿಗೆ ಹತ್ತಿದ್ದು ಬಿಳಿಯ ಲೋಳೆ, ನಾಲ್ಕು ನಾರು. ಅಷ್ಟನ್ನೂ ಕೈಯಿಂದ ಬಳಿದು ತೆಗೆದ ಮೇಲೆ ಮುಂದುಗಡೆಗೆ ಮೆತ್ತಿದ್ದ ಜಿಗುಟು ಮಣ್ಣು ಕಾಣಿಸಿತು. ಅದು ಒಣಗಿ ಬಿಗಿದುಕೊಂಡಿತ್ತು. ಅದರಲ್ಲಿ ಕೊಕ್ಕು ಮೂಡಿತ್ತು, ಬಾಗಿದ ಕುತ್ತಿಗೆ ಮೂಡಿತ್ತು, ಉದ್ದ ಬೆರಳು ಮೂಡಿತ್ತು. ಪುಟ್ಟ ಅಂಗೈಯ ಗುರುತಿನಲ್ಲಿ, ಮೂರು ಬೆರಳಿನ ನಡುವೆ, ಇಂದ್ರಾಬಾಯಿಯ ಲಿಂಗ ಇಟ್ಟ ಹಾಗೇ ಕೂತಿತ್ತು.

ತೆಗೆಯಲೆಂದು ಕೈ ಚಾಚಿದವನು ಚಾಚಿದ ಹಾಗೇ ಉಳಿದ. ಮಣ್ಣು ಮೋಸ ಮಾಡಿರಲಿಲ್ಲ. ಗಾರೆಯ ಸುಳ್ಳನ್ನು ಕೊಟ್ಟರೂ ಗುರುತು ಹಿಡಿದು ಇಟ್ಟುಕೊಂಡಿತ್ತು. ಅವಳನ್ನೇ ಕೊಟ್ಟಿದ್ದರೆ ಅವಳನ್ನೂ ಇಟ್ಟುಕೊಳ್ಳುತ್ತಿತ್ತು. ಕೊಡಲಿಲ್ಲವಲ್ಲ! ನಾಲ್ಕು ವರ್ಷದ ದುಃಖ ಒಮ್ಮೆಲೇ ಉಕ್ಕಿ ಬಂತು, ಬಾಯಿಗೆ ಟವೆಲ್ಲು ತುರುಕಿಕೊಂಡ. ಈ ಊರಿನಲ್ಲಿ ಅವಳದೆಂದು ಉಳಿದದ್ದು ಆ ಲಿಂಗ ಒಂದೇ, ಅದನ್ನು ಹಿಡಿದುಕೊಂಡಿದ್ದ ಕೈ ಅದೊಂದೇ. ಅದರಿಂದ ಕಿತ್ತು ತನ್ನ ಖೋಲಿಯ ಡಬ್ಬಿಯಲ್ಲಿ ಹಾಕಿಕೊಂಡು ಏನು ಮಾಡಬೇಕಿತ್ತು?

ಮಣ್ಣನ್ನು ಮತ್ತೆ ಒಳಗೆ ತಳ್ಳಿದ. ಮೇಲೆ ಮುರಮು ತುಂಬಿ ಕಾಲಿನಿಂದ ತುಳಿಯುತ್ತಿದ್ದಾಗ ಬಿಲ್ಡರನ ಕೂಲಿಗಳ ಮೇಸ್ತ್ರಿ ಮುಕಾದಮ ಸುಣ್ಣದ ಡಬ್ಬಿ ಹಿಡಿದುಕೊಂಡು ಬಂದ. ಅವನು ಒಂದೊಂದೇ ಕುಣಿ ಕೇಳುತ್ತಾ ಗುರುತು ಹಾಕುತ್ತಿದ್ದ.

"ಇಸ್ ಮೇ ಕೋಯೀ ಹೈ?" ಎಂದ, ಇವನ ಕಾಲ ಕೆಳಗಿನ ನೆಲ ತೋರಿಸಿ.

ಅಣವೀರಪ್ಪ ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

"ಕೋಯೀ ನಹೀ, ಸಾಬ್" ಎಂದ. "ಯಾರೂ ಇಲ್ಲ."

ಮುಕಾದಮ ಆ ನೆಲದ ಮೇಲೆ ಸುಣ್ಣದ ಒಂದು ಗೀಟು ಎಳೆದು ಮುಂದಿನ ಕುಣಿಗೆ ಹೋದ. ಅಣವೀರಪ್ಪ ಚಪ್ಪಲಿ ಹಾಕಿಕೊಂಡು ಸ್ಟೇಷನ್ನಿನ ಕಡೆ ನಡೆದ.